ಉಳ್ಳಾಗಡ್ಡಿಯ ಜೀವಕೋಶ ಖಾಲಿ ಡಬ್ಬಿನಾ?

ಕೊಲ್ಹಾರದ ಉಳ್ಳಾಗಡ್ಡಿಯವ:
ಮಗಳು 8ನೇ ಕ್ಲಾಸು. ಸಾಲೆಯಲ್ಲಿ ಉಳ್ಳಾಗಡ್ಡಿಯ ತೆಳು ಪೊರೆಗೆ ಅಯೋಡಿನ್ ಹಾಕಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದರಂತೆ. "ಅಪ್ಪಾ, ಇಟ್ಟಂಗಿ ಗೋಡೆ ಇದ್ದಂಗ ಇತ್ತು. ಒಂದೊಂದು ಚುಕ್ಕಿ ಬಿಟ್ಟರೆ ಒಳಗೆ ಏನೂ ಇಲ್ಲ" ಅನ್ನುತ್ತಾಳೆ. ಪುಸ್ತಕದಲ್ಲಿ ಜೀವಕೋಶ ಅಂದರೆ "ಜೀವಿಯ ಮೂಲ ಘಟಕ" ಅಂತಿದೆ. ಓದಿ ಇಬ್ಬರಿಗೂ ತಲೆಗೆ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಉಳ್ಳಾಗಡ್ಡಿ ಬೆಳೆಯುತ್ತಿದ್ದೇನೆ, ಉತ್ತರ ಹೇಳಲಾಗದೆ ನಾಚಿಕೆ ಆಯಿತು. ಆ ಡಬ್ಬಿ ಮಾಡುವ ಕೆಲಸವಾದರೂ ಏನ್ರೀ?

ಬಾಗಲಕೋಟೆ ಮಾಸ್ತರ:
ಮಗಳದು ತಪ್ಪಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಅನ್ನುವ ವಿಜ್ಞಾನಿ ಮೈಕ್ರೋಸ್ಕೋಪಿನಡಿ ಬೆಂಡಿನ ಚೂರಿನಲ್ಲಿ ಕಂಡದ್ದು ನಿಜಕ್ಕೂ ಖಾಲಿ ಡಬ್ಬಿಗಳೇ, ಸತ್ತ ಕೋಶಗಳ ಗೋಡೆ. ಉಳ್ಳಾಗಡ್ಡಿಯದು ಹಾಗಲ್ಲ. ಒಳಗೆ ನೀರು ತುಂಬಿದ ದೊಡ್ಡ ಚೀಲ ಇದೆ, ರಸದಾನಿ ಅಂತಾರೆ. ಬಣ್ಣವಿಲ್ಲ, ಅದಕ್ಕೇ ಕಾಣುವುದಿಲ್ಲ. ಅದು ಒಳಗಿಂದ ಗೋಡೆಯನ್ನು ಒತ್ತುತ್ತಲೇ ಇರುತ್ತದೆ. ಹೊಸ ಗಡ್ಡೆ ಗಟ್ಟಿ ಇರುವುದು ಈ ಒತ್ತಡಕ್ಕೆ. ಚುಕ್ಕಿ ಅಂದರೆ ಕೋಶಕೇಂದ್ರ. ಏನೇನು ತಯಾರಾಗಬೇಕು ಅನ್ನುವ ಬರಹವೆಲ್ಲ ಅಲ್ಲಿರುತ್ತದೆ.

ಹೆಚ್ಚುವಾಗ ಕಣ್ಣು ಉರಿಯುತ್ತದಲ್ವಾ? ರಸದಾನಿಯಲ್ಲಿ ಒಂದು ಕಿಣ್ವ, ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಬೇಗ ಬದಲಿಸುವಂಥದ್ದು; ರಸದಾನಿಯ ಹೊರಗೆ ಗಂಧಕದ ವಸ್ತು. ಎರಡನ್ನೂ ಕೋಶ ಬೇರೆ ಬೇರೆ ಇಟ್ಟಿರುತ್ತದೆ. ಈಳಿಗೆಗೆ ಸಿಕ್ಕು ಗೋಡೆ ಒಡೆದಾಗ ಎರಡೂ ಕೂಡಿ ಕಣ್ಣುರಿಸುವ ಅನಿಲ ಹುಟ್ಟುತ್ತದೆ. ಇಡೀ ಗಡ್ಡೆಯ ಮುಂದೆ ಕೂತು ಅಳುವುದು ರೇಟು ಬಿದ್ದಾಗ ಮಾತ್ರ!

ತಿಕೋಟಾ ದ್ರಾಕ್ಷಿ:
ಕೊನೇ ಮಾತು ದ್ರಾಕ್ಷಿಗೂ ಸೇರಿಸಿರಿ ಸರ್. ನಮ್ಮಲ್ಲಿ ಸುಮಾರು 4 ಕೆಜಿ ಹಸಿ ಹಣ್ಣಿಗೆ 1 ಕೆಜಿ ಒಣದ್ರಾಕ್ಷಿ. ಹೋಗುವುದೆಲ್ಲ ಕೋಶದೊಳಗಿನ ನೀರು. ಸಿಪ್ಪೆಯ ಮೇಣ ಆ ನೀರನ್ನು ಬೇಗ ಬಿಡುವುದಿಲ್ಲ. ಅದಕ್ಕೇ ಪೊಟ್ಯಾಷಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ಶೆಡ್ಡಿಗೆ ಹಾಕುತ್ತೇವೆ.

ಕೊಲ್ಹಾರದ ಉಳ್ಳಾಗಡ್ಡಿಯವ:
ಹಾಗಾದರೆ ಮೊಳಕೆ ಬಂದ ಗಡ್ಡೆ ಮೆತ್ತಗಾಗುವುದೂ ನೀರು ಹೋಗಿಯೇ?

ಬಾಗಲಕೋಟೆ ಮಾಸ್ತರ:
ನೀರಷ್ಟೇ ಅಲ್ಲ. ದಪ್ಪ ಪದರದ ಕೋಶಗಳು ಕೂಡಿಟ್ಟ ಸಕ್ಕರೆಯೂ ಮೊಳಕೆಗೆ ಹೋಗುತ್ತದೆ. ಉಳ್ಳಾಗಡ್ಡಿ ಬಟಾಟೆಯ ಹಾಗೆ ಪಿಷ್ಟ ಕೂಡಿಡುವುದಿಲ್ಲ. ಬಟಾಟೆಗೆ ಅಯೋಡಿನ್ ಹಾಕಿದರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಉಳ್ಳಾಗಡ್ಡಿ ಹಾಗೆ ಆಗಿತ್ತಾ, ಮಗಳನ್ನೇ ಕೇಳಿ.

ಕೊಲ್ಹಾರದ ಉಳ್ಳಾಗಡ್ಡಿಯವ:
ಹಳದಿ ಇತ್ತಂತೆ. ಅಷ್ಟಕ್ಕೇ ಬಿಡಲಿಲ್ಲ, ಗಾಯಕ್ಕೆ ಹಚ್ಚುವ ಅಯೋಡಿನ್ ಟಿಂಚರ್ ತಂದು ಬಟಾಟೆಗೆ ಸುರಿದಳು. ಕಪ್ಪಾಯಿತು. ಪಲ್ಯಕ್ಕೆ ಹೆಚ್ಚಿಟ್ಟ ಬಟಾಟೆ ಅದು. ಅವರವ್ವ ಬೈದದ್ದು ನನಗೆ.