ರಾತ್ರಿ ಡ್ಯೂಟಿಯೊಳಗ ನೊಂದ ಹೆಣ್ಮಕ್ಕಳ ಜೋಡಿ ನಿಂದ್ರೋ ಕೆಲಸ, ಮಾಡಿದವರು ಅನುಭವ ಹೇಳ್ರಿ

ಕೇಳಿದಾಕಿ, ಬೆಳಗಾವಿ:
ನಮಸ್ಕಾರ ರೀ ಎಲ್ಲಾರಿಗೂ. ಸಮಾಜಕಾರ್ಯದೊಳಗ ಎಂಎಸ್‌ಡಬ್ಲ್ಯೂ ಮುಗಿಸೇನಿ, ಈಗ ಒಂದು ಸಂಸ್ಥೆಯೊಳಗ ರಾತ್ರಿ ಆನ್-ಕಾಲ್ ಕೆಲಸಕ್ಕ ತಗೊಂಡಾರ. ಅತ್ಯಾಚಾರ, ಲೈಂಗಿಕ ದೌರ್ಜನ್ಯ ಆದವರು ದವಾಖಾನಿಗೋ ಸ್ಟೇಷನ್‌ಗೋ ಬಂದಾಗ ನಮಗ ಫೋನ್ ಬರತೈತಿ, ಹೋಗಿ ಅವರ ಜೋಡಿ ಇರಬೇಕು. ಟ್ರೇನಿಂಗ್ ಏನೋ ಆಗೇತಿ, ಆದ್ರ ಆಕಿ ಮುಂದ ಹೋಗಿ ನಿಂತಾಗ ಮೊದಲ ಏನ್ ಮಾತಾಡಬೇಕು ಅನ್ನೋದ ತಿಳಿವಲ್ದು. ಪೊಲೀಸ್ರು ಮುಂಜಾನೆ ಬರ್ರಿ ಅಂದ್ರ ಏನ್ ಮಾಡೋದು, ಮನಿಯವರ ಕೇಸ್ ಬ್ಯಾಡ ಅಂದ್ರ ಏನ್ ಮಾಡೋದು, ಮನಿಗೆ ಬಂದ ಮ್ಯಾಲ ನಿದ್ದಿ ಹತ್ತತೈತೇನ್ರಿ? ನಮ್ಮವ್ವ ಅಂತೂ ಈ ಕೆಲಸನ ಬ್ಯಾಡ ಅನ್ನಾಕತ್ತಾಳ.

ಬೆಳಗಾವಿಯಿಂದ, ಭಾಳ ವರ್ಷ ಈ ಪಾಳಿ ಮಾಡಿದಾಕಿ:
ತಂಗೀ, ಮೊದಲ ಮಾತು ನಿನ್ನ ಹೆಸರು, ಅಷ್ಟ. ನಾ ಪೊಲೀಸ್ ಅಲ್ಲ, ಡಾಕ್ಟರ್ ಅಲ್ಲ, ನಿಮ್ಮ ಜೋಡಿ ಇರಾಕ ಬಂದೇನಿ, ಬ್ಯಾಡ ಅಂದ್ರ ಹೊರಗ ಕುಂದರತೇನಿ, ಕರದ್ರ ಬರತೇನಿ ಅಂತ ಹೇಳು. ಏನಾತು ಅಂತ ಮಾತ್ರ ಕೇಳಬ್ಯಾಡ. ನೀ ಬರೂದ್ರೊಳಗ ಆಕಿ ಅದನ್ನ ಆಟೋದವಗ, ಗೇಟಿನ ವಾಚ್‌ಮನ್‌ಗ, ಸಿಸ್ಟರ್‌ಗ, ಡ್ಯೂಟಿ ಡಾಕ್ಟರ್‌ಗ ಹೇಳಿರತಾಳ, ಇನ್ನ ಸ್ಟೇಷನ್ ರೈಟರ್ ಮುಂದ, ಆಮ್ಯಾಲ ಕೋರ್ಟಿನಾಗ ಹೇಳೋದು ಬಾಕಿ ಇರತೈತಿ. ನಿನ್ನ ಕೆಲಸಕ್ಕ ಆ ವಿವರ ಬೇಕಾಗಂಗಿಲ್ಲ. ತಾನಾಗೇ ಹೇಳಿದ್ರ ಕೇಳು, ನಡುವ ಬಾಯಿ ಹಾಕಬ್ಯಾಡ, "ಅಷ್ಟೊತ್ತಿನಾಗ ಯಾಕ ಹೋಗಿದ್ದಿ" ಅನ್ನೋ ಮಾತು ಯಾರ ಬಾಯಾಗ ಬಂದ್ರೂ ಅಲ್ಲೇ ತಡಿ.

ನನಗ ಈ ಕೆಲಸದಾಗ ಎಲ್ಲಾಕ್ಕಿಂತ ದೊಡ್ಡದು ಅನಿಸಿದ್ದು ಹೇಳತೇನಿ. ಆಕಿ ಮೈಮ್ಯಾಲಿನ ಹಕ್ಕು ಒಬ್ಬಾಂವ ಕಸಗೊಂಡಿರತಾನ. ಅದಾಗಿ ತಾಸು ಎರಡು ತಾಸಿನಾಗ ಒಳ್ಳೇವ್ರ ಎಲ್ಲಾರೂ ಸುತ್ತ ನಿಂತು ಇಲ್ಲಿ ಕುಂದರು, ಮ್ಯಾಲ ಮಲಗು, ಇಲ್ಲಿ ಸಹಿ ಮಾಡು ಅಂತ ಹೇಳಾಕ ಸುರು ಮಾಡತಾರ, ಆಕಿ ಎಲ್ಲಾದಕ್ಕೂ ಹೂಂ ಅಂತಾಳ, ಆ ಹೂಂ ಒಪ್ಪಿಗಿ ಅಲ್ಲ, ದಣಿವು. ಅದಕ್ಕ ನೀ ಸಣ್ಣ ಸಣ್ಣದಕ್ಕೂ ಕೇಳು. ಬಾಗಲಾ ಮುಚ್ಚಲೇನು ಅರ್ಧ ತಗದಿಡಲೇನು, ಯಾರಿಗರೆ ಫೋನ್ ಹಚ್ಚಬೇಕೇನು, ನಿಮ್ಮತ್ತಿ ಒಳಗ ಇರಲೇನು ಹೊರಗ ಹೋಗಲೇನು. ತಪಾಸಣಿಗೂ ಹಂಗ, ಒಪ್ಪಿಗಿ ಫಾರ್ಮ್ ಅಂದ್ರ ಸುಮ್ಮ ಸಹಿ ಅಲ್ಲ, ಔಷಧ ಬೇಕು, ಸಾಕ್ಷಿಗಂತ ತಗಿಯೋ ಸ್ಯಾಂಪಲ್ ಬ್ಯಾಡ ಅನ್ನಾಕ ಬರತೈತಿ, ಸುರು ಆದ ಮ್ಯಾಲೂ ಸಾಕು ನಿಲ್ಲಸ್ರಿ ಅನ್ನಾಕ ಬರತೈತಿ, ಬ್ಯಾಡ ಅಂದಾಳಂತ ಚಿಕಿತ್ಸೆ ನಿಲ್ಲಸೂವಂಗಿಲ್ಲ. ಯೋನಿಯೊಳಗ ಬೆರಳು ಹಾಕಿ ನೋಡೋ ಎರಡು ಬೆರಳಿನ ಪರೀಕ್ಷೆ ಅಂತೂ ಮಾಡೂವಂಗೇ ಇಲ್ಲ, ಸುಪ್ರೀಂ ಕೋರ್ಟು 2013ರಾಗೂ ಹೇಳೇತಿ, 2022ರಾಗ ಮತ್ತ ಹೇಳಿ ಮಾಡಿದವರು ದುರ್ನಡತೆ ಮಾಡಿದಂಗ ಅಂತ ಅಂದೈತಿ. ಇದನ್ನ ಜಗಳದ ದನಿಯೊಳಗ ಹೇಳಬ್ಯಾಡ, ರಾತ್ರಿ ಡಾಕ್ಟರ್‌ಗೂ ಹತ್ತು ಕೇಸ್ ಇರತಾವ, "ಡಾಕ್ಟ್ರೇ, ಆಕಿ ಕೇಳಾಕತ್ತಾಳ, ಒಂದು ಸಲ ತಿಳಿಸಿ ಹೇಳ್ರಿ" ಅಂದ್ರ ಬರೋಬ್ಬರಿ ಕೆಲಸ ಆಗತೈತಿ.

ಭಾಷಾ ಒಂದು. ನಮ್ಮ ಕಡೆ ಆಕಿ ಕನ್ನಡದಾಕಿ ಇರಬಹುದು, ಮರಾಠಿ ಇರಬಹುದು, ಉರ್ದು ಇರಬಹುದು. ನಾಲ್ಕು ಮಾತು ಎಲ್ಲಾದ್ರೊಳಗೂ ಕಲತಿರು, ಬರದಿದ್ರ ಬರೋ ಹೆಣ್ಮಗಳನ್ನ ಫೋನಿನಾಗರೆ ಹಿಡಿ, ಜೋಡಿ ಬಂದ ನಾದಿನಿ ಕೈಲೆ ಮಾತ್ರ ಹೇಳಸಬ್ಯಾಡ, ಮನಿಯವರ ಮುಂದ ಅರ್ಧ ಮಾತು ನುಂಗತಾರ.

ಕಬ್ಬಿನ ಸೀಸನ್‌ನ್ಯಾಗ ಕಬ್ಬು ಕಡಿಯೋ ಗ್ಯಾಂಗಿನ ಹೆಣ್ಮಕ್ಕಳು ಬಂದ್ರ ಇನ್ನೊಂದು ನೋಡಬೇಕು. ಜೋಡಿ ಕೂಲಿ ಮಂದೀನ ಕರ್ಕೊಂಡು ಬರೋ ಮುಕಾದಮ ಬಂದಿರತಾನ, ಭಾಳ ಕಾಳಜಿ ಮಾತಾಡತಾನ, "ನಮ್ಮ ಮಂದೀನ ರೀ, ನಾನ ಸಹಿ ಮಾಡತೇನಿ" ಅಂತಾನ. ಆಕಿ ಗಂಡ, ಮಾವ ಎಲ್ಲಾರೂ ಆತನ ಕಡೆ ಅಡ್ವಾನ್ಸ್ ತಗೊಂಡಿರತಾರ, ಆಕಿ ಬಾಯಿ ಬಿಟ್ರ ಇಡೀ ಮನಿ ಬೀದಿಗೆ ಬೀಳತೈತಿ ಅನ್ನೋ ಅಂಜಿಕಿ. ಸಿಸ್ಟರ್‌ಗ ಹೇಳಿ ಆತನ್ನ ಹೊರಗ ಕಳಸು, ಆಮ್ಯಾಲ ಆಕಿನ್ನ ಒಬ್ಬಾಕಿನ್ನ ಕೇಳು: ಇಲ್ಲಿಂದ ಹೊಳ್ಳಿ ಗುಡಿಸಲಕ್ಕ ಹೋದ್ರ ರಾತ್ರಿ ಕಣ್ಣು ಮುಚ್ಚಾಕ ಆಗತೈತೇನವಾ? ಇಲ್ಲ ಅಂದ್ರ ನೊಂದ ಹೆಣ್ಮಕ್ಕಳಿಗಂತ ಸರಕಾರದ ಸಖಿ ಒನ್ ಸ್ಟಾಪ್ ಸೆಂಟರ್ ಐತಿ, ಐದು ದಿನದ ತನಕ ಇಟ್ಕೋತಾರ, ಸಣ್ಣ ಮಕ್ಕಳಿದ್ರೂ ಜೋಡಿ ಕರ್ಕೊಂಡು ಹೋಗಬಹುದು. ಮಹಿಳಾ ಸಹಾಯವಾಣಿ 181ಕ್ಕ ಹಚ್ಚಿದ್ರ ರಾತ್ರಿನೂ ಎತ್ತತಾರ.

ಬಾಗಲಕೋಟೆಯಿಂದ, ಕ್ಯಾಶುವಾಲ್ಟಿ ಸ್ಟಾಫ್ ನರ್ಸ್:
ಅಕ್ಕಾರು ಬರೋಬ್ಬರಿ ಹೇಳ್ಯಾರ. ನನ್ನ ಕಡೆಯಿಂದ ಹೊತ್ತಿನ ಮಾತು ಅಷ್ಟ, ಯಾಕಂದ್ರ ನಿಮ್ಮಂಥವರು ಬಂದು ನಿಂತ್ರ ನಮಗೂ ನೆನಪ ಮಾಡಿಕೊಡಾಕ ಒಬ್ರು ಸಿಕ್ಕಂಗ ಆಗತೈತಿ. ಎಚ್‌ಐವಿ ತಡಿಯೋ ಪಿಇಪಿ ಗುಳಿಗಿ 72 ತಾಸಿನೊಳಗ ಸುರು ಆಗಬೇಕು, ಎಷ್ಟು ಲಗೂ ಆದ್ರ ಅಷ್ಟು ಚಲೋ, 28 ದಿನ ಬಿಡದಂಗ ತಗೋಬೇಕು. ಗರ್ಭ ನಿಲ್ಲದಂಗ ಕೊಡೋ ಗುಳಿಗಿನೂ 72 ತಾಸಿನೊಳಗ ಚಲೋ ಕೆಲಸ ಮಾಡತೈತಿ, 120 ತಾಸಿನ ತನಕ ಕೊಡತಾರ. ಸಾಕ್ಷಿಗಂತ ಹತ್ತಿಲೆ ಒರಸಿ ಸ್ವಾಬ್ ತಗಿಯಾಕ 96 ತಾಸಿನ ತನಕ ಅವಕಾಶ ಐತಿ. ಅದಕ್ಕ "ಜಳಕಾ ಮಾಡೇನ್ರಿ, ಎರಡು ದಿನ ಆತ್ರಿ" ಅಂತ ಅಳಕೋತ ಫೋನ್ ಮಾಡಿದ್ರ ಬಂದ್ ಬಿಡ್ರಿ ಅಂತನ ಹೇಳ್ರಿ. ಇನ್ನೂ ಬಂದಿಲ್ಲ ಅಂದ್ರ ಜಳಕಾ ಮಾಡಬ್ಯಾಡ್ರಿ, ಅರಿವಿ ಒಗಿಬ್ಯಾಡ್ರಿ, ಬದಲ ಮಾಡಿದ್ರ ಹಳೇವನ್ನ ಪೇಪರಿನಾಗ ಸುತ್ತಿ ತರ್ರಿ, ಪ್ಲಾಸ್ಟಿಕ್ ಚೀಲದಾಗ ಹಾಕಿದ್ರ ಹಸಿ ಹಿಡದು ಕೆಡತಾವ. ಬಂದ ಕೂಡಲೆ ಚಾ ನೀರು ಕುಡಸಾಕ ಹೋಗಬ್ಯಾಡ್ರಿ, ಬಾಯಿ ಸ್ವಾಬ್ ತಗಿಯೋದೈತೇನು ಅಂತ ನಮ್ಮನ್ನ ಒಂದು ಮಾತು ಕೇಳ್ರಿ.

ಮೈಮ್ಯಾಲ ಗಾಯ ಇಲ್ಲ ಅಂದ್ರ ಏನೂ ಆಗಿಲ್ಲ ಅಂತ ಅಲ್ಲ, ಇದನ್ನ ಆಕಿ ಅವ್ವಗೂ ಹೇಳ್ರಿ, ಆಕಿ ಕೇಳಂಗ ಹೇಳ್ರಿ. ಚಿಕಿತ್ಸೆ ಪುಕಟ, ಸರಕಾರಿ ಇರಲಿ ಪ್ರೈವೇಟ್ ಇರಲಿ ಇಲ್ಲ ಅನ್ನೂವಂಗಿಲ್ಲ, ಇಲ್ಲ ಅಂದ್ರ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 200ರಾಗ ಒಂದು ವರ್ಷದ ತನಕ ಜೈಲೈತಿ. ರಿಪೋರ್ಟಿನ ಕಾಪಿ ಆಕಿಗೆ ಪುಕಟ ಕೊಡಬೇಕು, ಅದನ್ನ ಕೇಳಿ ಇಸ್ಕೊಳ್ರಿ, ಮುಂದಿನ ತಪಾಸಣಿ ತಾರೀಖು ಬರಕೊಳ್ರಿ, ಆ 28 ದಿನದ ಗುಳಿಗಿ ನಡುವ ಬಿಟ್ಟವರು ಭಾಳ ಮಂದಿ.

ವಿಜಯಪುರದಿಂದ, ವಕೀಲರು:
ಸ್ಟೇಷನ್ ಮಾತು ನಾ ಹೇಳತೀನಿ. ಇಂಡಿ, ಸಿಂದಗಿ ಕಡೆ ಮಂದಿ ದುಡಿಲಾಕ ಗೋವಾ, ಪುಣೆ ಅಂತ ಹೋಗ್ಯಾರ, ಅಲ್ಲಿ ಆದದ್ದು ಊರಿಗೆ ಬಂದ ಮ್ಯಾಲ ಬಾಯಿ ಬಿಡತಾರ, ಇಲ್ಲಿ ಸ್ಟೇಷನ್‌ದವರು ನಮ್ಮ ಹದ್ದಿ ಅಲ್ಲರಿ ಅಂತಾರ. ಹದ್ದಿ ಮಾತೇ ಬರಂಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ 173ರಾಗ ಎಲ್ಲಿ ಆಗಿದ್ರೂ ದೂರು ಬರಕೋಬೇಕು ಅಂತ ಅದ, ಜೀರೋ ಎಫ್‌ಐಆರ್ ಅಂತಾರಲ್ಲ ಅದು. ಹೇಳಿಕಿ ಬರಕೊಳ್ಳೋರು ಮಹಿಳಾ ಅಧಿಕಾರಿ ಇರಬೇಕು, ಕಾಪಿ ಪುಕಟ. "ಮುಂಜಾನೆ ಬರ್ರಿ" ಅಂದ್ರ, ಸರ್ ಇದು ನ್ಯಾಯ ಸಂಹಿತೆ 199ರಾಗ ಬರ್ತದಲ್ಲರಿ ಅಂತ ಮೆಲ್ಲಕ ಅನ್ರಿ, ಇಂಥ ಕೇಸಿನಾಗ ದೂರು ಬರಕೊಳ್ಳದ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷ ಶಿಕ್ಷಾ ಅದ. ಆದ್ರೂ ಆಗಲಿಲ್ಲ ಅಂದ್ರ 112ಕ್ಕ ಹಚ್ಚರಿ, ಎಸ್‌ಪಿ ಅವರಿಗೆ ಲಿಖಿತ ಕಳಸ್ರಿ, ಹೋದ ಹೊತ್ತು, ಅಲ್ಲಿ ಇದ್ದವರು ಯಾರು, ಏನಂದ್ರು ಅಂತ ಬರದಿಡ್ರಿ.

ಹದಿನೆಂಟರ ಒಳಗಿನಾಕಿ ಇದ್ರ ಲೆಕ್ಕ ಬ್ಯಾರೆ. ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ ಪೋಕ್ಸೊ ಕಾಯ್ದೆ 19ರ ಪ್ರಕಾರ ಗೊತ್ತಾದವರು ತಿಳಸಲೇಬೇಕು, ಅದಕ್ಕ ಆ ಕೂಸಿಗೆ "ಯಾರಿಗೂ ಹೇಳಂಗಿಲ್ಲ" ಅಂತ ಮಾತು ಕೊಡಬ್ಯಾಡ್ರಿ, ಆಮ್ಯಾಲ ಹೇಳಬೇಕಾದ್ರ ಆಕಿ ಮತ್ತೊಮ್ಮೆ ಮೋಸ ಹೋದಂಗ ಆಗತದ. ಮಕ್ಕಳನ್ನ ರಾತ್ರಿ ಸ್ಟೇಷನ್‌ನಾಗ ಇಟ್ಕೊಳ್ಳೂವಂಗಿಲ್ಲ, ಯೂನಿಫಾರ್ಮ್ ಹಾಕ್ಕೊಂಡು ಹೇಳಿಕಿ ತಗೊಳ್ಳೂವಂಗಿಲ್ಲ, 24 ತಾಸಿನೊಳಗ ಮಕ್ಕಳ ಕಲ್ಯಾಣ ಸಮಿತಿಗೆ ತಿಳಸಬೇಕು. ನಮ್ಮ ಭಾಗದಾಗ ಮದುವಿ ಆದ ಹದಿನಾರು ಹದಿನೇಳರ ಹುಡಿಗೇರು ಹೊಟ್ಟಿ ನೋವಂತ ಬಂದಾಗ ಬಸರು ಅಂತ ತಿಳಿತದ, ಗಂಡ ಆದ್ರೂ ಕಾನೂನಿನಾಗ ಅದು ಅತ್ಯಾಚಾರನ, ಸುಪ್ರೀಂ ಕೋರ್ಟ್ 2017ರಾಗೇ ಹೇಳ್ಯದ. ಆ ಹುಡಿಗಿಗೆ ಗಂಡ ಜೈಲಿಗೆ ಹೋಗ್ತಾನ ಅನ್ನೋದೊಂದ ಕಾಣ್ತಿರ್ತದ, ತಾಂಡಾದಾಕಿ ಇದ್ರ ಲಂಬಾಣಿ ಬರೋ ಹೆಣ್ಮಗಳು ಒಬ್ಬಾಕಿ ಬಾಜೂಕ ಕುಂತು ತಿಳಿಸಿ ಹೇಳಬೇಕು, ಅವಸರ ಮಾಡಬಾರದು. ದೊಡ್ಡಾಕಿಗೆ ಗಂಡನ ಕೈಲೆ ಆಗಿದ್ರ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೊಳಗ ಲೈಂಗಿಕ ಹಿಂಸೆನೂ ಬರತದ, ಆ ದಾರಿ ಅದ. ಹೆಣ್ಮಕ್ಕಳಿಗೆ ಆದಾಯ ಎಷ್ಟಿದ್ರೂ ವಕೀಲರು ಪುಕಟ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಡೆ ಹೋಗ್ರಿ, ಪರಿಹಾರದ ಅರ್ಜಿನೂ ಅಲ್ಲೇ, ಫೋನ್ 15100. ಆಕಿ ಹೆಸರು, ಊರು, ಫೋಟೋ ವಾಟ್ಸಾಪಿನಾಗ ಹಾಕಿದ್ರ ನ್ಯಾಯ ಸಂಹಿತೆ 72ರಾಗ ಅಪರಾಧ, ನಿಮ್ಮ ಸಂಸ್ಥೆ ಗ್ರೂಪಿನಾಗ ಕೂಡ ಹಾಕಬ್ಯಾಡ್ರಿ.

ಜಮಖಂಡಿ ಕಡೆಯಾಕಿ:
ನಾ ಈ ಕೆಲಸ ಮಾಡಿದಾಕಿ ಅಲ್ಲ, ನಮ್ಮ ತಂಗಿ ಜೋಡಿ ದವಾಖಾನ್ಯಾಗ ಕುಂತಾಕಿ. ಅವತ್ತ ಬಂದ ಮೇಡಂ ಒಂದು ಚೀಲ ತಂದಿದ್ರು, ಅದ್ರೊಳಗ ಹೊಸ ನೈಟಿ, ಒಳಗಿನ ಅರಿವಿ, ಪ್ಯಾಡು, ಚಪ್ಪಲ್, ಮೊಬೈಲ್ ಚಾರ್ಜರ್. ತಂಗಿ ಹಾಕ್ಕೊಂಡಿದ್ದನ್ನ ಪೂರಾ ಸಾಕ್ಷಿಗಂತ ತಗೊಂಡ್ರು, ಆ ಚೀಲ ಇಲ್ಲದಿದ್ರ ಆಕಿ ದವಾಖಾನಿ ಚಾದರ ಸುತ್ಕೊಂಡು ಮನಿಗೆ ಬರಬೇಕಾಗತಿತ್ತು. ಹೊರಗ ಓಣಿ ಮಂದಿ ಏನಾತು ಅಂತ ಕೇಳಾಕ ಬಂದಾಗ ಅವರ ನಮ್ಮವ್ವನ ಮುಂದ ನಿಂತು ಮಾತಾಡಿದ್ರು. ಬಾಕಿ ಅವರೇನ್ ಹೇಳಿದ್ರು ನನಗ ನೆನಪಿಲ್ಲ, ಇಷ್ಟು ನೆನಪೈತಿ. ನೀವು ಈ ಕೆಲಸಕ್ಕ ಹೋಗ್ರಿ ಅಕ್ಕಾ.

ಕೇಳಿದಾಕಿ:
ಇದನ್ನ ನಮ್ಮವ್ವಗ ಓದಿ ಹೇಳಿದೆ ರೀ. ಸುಮ್ಮನ ಕೇಳಿದ್ಲು. ಇನ್ನೊಂದು ಉಳೀತು ನೋಡ್ರಿ, ಮನಿಯವರ ಕೇಸ್ ಬ್ಯಾಡ ಅಂದ್ರ?

ಬೆಳಗಾವಿಯಿಂದ, ಮೊದಲು ಬರದಾಕಿ:
ದೊಡ್ಡಾಕಿ ಇದ್ರ ಮನಿಯವರದಲ್ಲ, ಆಕಿ ಮಾತು. ದವಾಖಾನಿಯವರು ಪೊಲೀಸ್ರಿಗೆ ತಿಳಸಬೇಕು, ಅದು ಅವರ ಕೆಲಸ, ಆದ್ರ ದೂರು ಕೊಡೂದಿಲ್ಲ ಅಂತ ಆಕಿ ಬರದು ಕೊಡಬಹುದು, ಹಂಗ ಕೊಟ್ರೂ ಔಷಧ, ತಪಾಸಣಿ ಎಲ್ಲಾ ಆಗಬೇಕು. ಅಪ್ಪ ಮರ್ಯಾದಿ ಅಂತಾನ, ಅಣ್ಣ ಅವನ್ನ ಕಡೀತೇನಿ ಅಂತಾನ, ಇಬ್ಬರೂ ಆಕಿನ್ನ ಕೇಳಿರಂಗಿಲ್ಲ. ಅವರಿಬ್ಬರನ್ನೂ ಹೊರಗ ಬೆಂಚಿಗೆ ಕುಂದರಸಿ ಒಳಗ ಆಕಿನ್ನ ಕೇಳು. ಕೇಸ್ ಮಾಡು ಅಂತ ನೀನೂ ಒತ್ತಾಯ ಮಾಡಬ್ಯಾಡ, ಎಷ್ಟ ಸಿಟ್ಟು ಬಂದ್ರೂ. ಸ್ಯಾಂಪಲ್ ಇವತ್ತ ಕೊಟ್ಟಿಟ್ರ ಮುಂದ ಮನಸ್ಸು ಬದಲಾದ್ರ ಆಸರ ಆಗತೈತಿ ಅನ್ನೋದು ತಿಳಿಸು, ಬ್ಯಾಡ ಅಂದ್ರ ನಿನ್ನ ಸಂಸ್ಥೆ ನಂಬರ್ ಬರದ ಚೀಟಿ ಕೊಡು, ಚೀಟಿ ಮನಿಯಾಗ ಸಿಕ್ರ ತ್ರಾಸ ಆಗತೈತೇನು ಅಂತನೂ ಕೇಳು.

ನಿದ್ದಿ ಮಾತು. ಮುಂಜಾನೆ ಡ್ಯೂಟಿಗೆ ಬಂದಾಕಿಗೆ ಕೇಸ್ ಪೂರಾ ಒಪ್ಪಸಿ ಫೋನ್ ಬಂದ್ ಮಾಡು, ಆಕಿ ಗುಳಿಗಿ ತಗೊಂಡ್ಳೇನು ಅಂತ ನೋಡಾಕ ಮಧ್ಯಾಹ್ನ ನೀ ಹೋಗೋದು ಬ್ಯಾಡ, ಅದು ಹಗಲಿನವರ ಪಾಲಿಂದು. ಕೆಲವು ರಾತ್ರಿ ಹತ್ತಂಗೇ ಇಲ್ಲ, ಅದನ್ನ ಹಿರಿಯಾರ ಮುಂದ ಹೆಸರು ಬಿಟ್ಟು ಮಾತಾಡು, ಭಾಳ ದಿನ ಎಳದ್ರ ಮನಸ್ಸಿನ ತ್ರಾಸಕ್ಕಂತ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416 ಐತಿ, ಅದು ನಮ್ಮಂಥವರಿಗೂ ಐತಿ. ಸೇರೂಕ್ಕಿಂತ ಮೊದಲ ಸಂಸ್ಥೆಯವರನ್ನ ಕೇಳು: ರಾತ್ರಿ ಗಾಡಿ ಯಾರು ಕಳಸತಾರ, ಅಥಣಿ ರಾಯಬಾಗ ಕಡೆಯಿಂದ ಕಾಲ್ ಬಂದ್ರ ಯಾರು ಹೋಗತಾರ, ಎರಡು ಕಾಲ್ ಒಮ್ಮೆ ಬಂದ್ರ ಬ್ಯಾಕಪ್ ಯಾರು, ಮರುದಿನ ಸೂಟಿ ಐತೇನು. ಗಾಡಿ ಇಲ್ಲ, ನಿಮ್ಮ ಸ್ಕೂಟಿ ಮ್ಯಾಲ ಹೋಗ್ರಿ ಅಂದ್ರ ಒಪ್ಕೋಬ್ಯಾಡ, ಅವ್ವನ ಅಂಜಿಕಿ ಅರ್ಧ ಅದ ಇರತೈತಿ. ಮೊದಮೊದಲ ಕಾಲ್‌ಗೆ ಹಳಬರ ಜೋಡಿ ಹೋಗು, ಬೆಳಗಾವಿ ಸರಕಾರಿ ದವಾಖಾನಿ ಬಿಮ್ಸ್‌ನ ಕ್ಯಾಶುವಾಲ್ಟಿ ಎಲ್ಲೈತಿ, ರಾತ್ರಿ ಯಾವ ಗೇಟ್ ತಗದಿರತೈತಿ ಅಂತ ಈ ವಾರನ ಹಗಲೊತ್ತು ಹೋಗಿ ನೋಡಿ ಬಾ.