ಸಹಾಯ ಬೇಕು: ಅತ್ತೆಯ ಸ್ಟೀರಾಯ್ಡ್ ಮಾತ್ರೆ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಅತ್ತೆಗೆ ಭುಜ, ಸೊಂಟ ಹಿಡಿದುಕೊಂಡು ಬೆಳಿಗ್ಗೆ ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಅನ್ನೋ ಉರಿಯೂತದ ಕಾಯಿಲೆಯಂತೆ. ಡಾಕ್ಟರ್ ಪ್ರೆಡ್ನಿಸೊಲೋನ್ 15 ಮಿಲಿಗ್ರಾಂ ಬರೆದರು, ಬೆಳಿಗ್ಗೆ ತಿಂಡಿ ಆದ ಮೇಲೆ. ನೋವು ಬೇಗ ಇಳಿಯಿತು. ಈಗ "ಸಾಕು, ನಿಲ್ಲಿಸುತ್ತೇನೆ" ಅಂತ ಹಠ.

ಮೂರು ವಾರ ದಾಟಿದ ಮೇಲೆ ಥಟ್ಟನೆ ಬಿಡಬಾರದು. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನು, ಅಂದರೆ ಕಾರ್ಟಿಸಾಲ್, ಅಷ್ಟರಲ್ಲಿ ತಗ್ಗಿರಬಹುದು. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆದರೆ ಸೊಸೆ ಮಾತು ಯಾರು ಕೇಳುತ್ತಾರೆ, ಅಲ್ವಾ? ಡಾಕ್ಟರ ಮರಾಠಿಯೂ ಅವರಿಗೆ ಅರ್ಧಂಬರ್ಧ.

ಠಾಣೆ, ಮುಲುಂಡ್ ಕಡೆ ಕನ್ನಡದಲ್ಲಿ ತಿಳಿಸಿ ಹೇಳುವ ಸಂಧಿವಾತದ ಡಾಕ್ಟರ್ ಗೊತ್ತಿದ್ದರೆ ಹೇಳಿ. ಶುಗರ್ ಬೆಳಿಗ್ಗೆ ಸರಿಯಿದ್ದು ಸಂಜೆ ಏರುತ್ತಿದೆ. ಈ ಮಾತ್ರೆ ತಗೊಂಡವರು ಸಂಜೆ ಹಸಿವೆಗೆ ಏನು ತಿನ್ನುತ್ತಿದ್ದಿರಿ? ಡೋಸ್ ಬಗ್ಗೆ ಮಾತ್ರ ಇಲ್ಲಿ ಸಲಹೆ ಬೇಡ.