ಪದಚರ್ಚೆ: ಇನ್ಹೇಲರ್ ಡೋಸ್ ‘ತಪ್ಪಿದ್ದೋ’, ‘ತಪ್ಪಿಸಿದ್ದೋ’, ‘ಬಿಟ್ಟುಹೋದದ್ದೋ’?

ಎಲ್ಲರಿಗೂ ನಮಸ್ಕಾರ.

ಅಸ್ತಮಾ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಸ್ಮಾರ್ಟ್ ಇನ್ಹೇಲರ್ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಮಾತುಗಳ ಹತ್ತಿರ ಬಂದು ನಿಂತಿದ್ದೇನೆ, ನಿಮ್ಮ ಸಲಹೆ ಬೇಕು.

ಸ್ಮಾರ್ಟ್ ಇನ್ಹೇಲರ್ ಅಂದರೆ ಬೇರೇನಲ್ಲ, ಮಾಮೂಲಿ ಇನ್ಹೇಲರಿಗೆ ಒಂದು ಸಣ್ಣ ಸೆನ್ಸರ್ ಸಿಕ್ಕಿಸಿರುತ್ತಾರೆ. ಪ್ರತಿ ಸಲ ಒತ್ತಿದಾಗ ಅದು ದಿನ, ಗಂಟೆ ಗುರುತು ಹಾಕಿಕೊಂಡು ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸುತ್ತದೆ. ಹೊತ್ತಾದರೆ ನೆನಪಿಸುತ್ತದೆ. ಒತ್ತದೇ ಹೋದರೆ ಅದನ್ನೂ ತೋರಿಸುತ್ತದೆ. ಹಾಗೆ ತೋರಿಸುವಾಗ ಏನಂತ ಬರೆಯಬೇಕು?

‘ತಪ್ಪಿಸಿದ ಡೋಸ್’ ಅನ್ನೋದು ಥಟ್ಟನೆ ಬಾಯಿಗೆ ಬರುವ ಮಾತು. ನನಗದು ಬೇಡ. ‘ಬಸ್ಸು ತಪ್ಪಿತು’ ಅಂದರೆ ಯಾರ ಮೇಲೂ ದೂರಿಲ್ಲ, ‘ಸ್ಕೂಲು ತಪ್ಪಿಸಿದ’ ಅಂದರೆ ಹುಡುಗ ಬೇಕೂಂತಲೇ ಮಾಡಿದ್ದು. ಎಂಟು ಒಂಬತ್ತು ವರ್ಷದ ಮಗು ತಾನೇ ಫೋನ್ ನೋಡಿ ಇದನ್ನು ಓದುತ್ತದೆ. ‘ತಪ್ಪಿದ ಡೋಸ್’ ವಾಸಿ, ಆದರೆ ಅದರೊಳಗೂ ‘ತಪ್ಪು’ ಕೇಳಿಸುತ್ತದೆ ಅಲ್ವಾ? ‘ಬಾಕಿ ಡೋಸ್’ ಅಂತ ಒಬ್ಬರು ಸೂಚಿಸಿದರು. ಅದು ಅಪಾಯ. ಬಾಕಿ ಅಂದರೆ ತೀರಿಸಬೇಕಾದದ್ದು, ಬೆಳಗಿನದನ್ನೂ ಸಂಜೆಯದನ್ನೂ ಸೇರಿಸಿ ಒಟ್ಟಿಗೆ ಕೊಟ್ಟುಬಿಡುವವರು ಇರುತ್ತಾರೆ. ನನ್ನ ಒಲವು ‘ಬಿಟ್ಟುಹೋದ ಡೋಸ್’ ಕಡೆಗಿದೆ.

ಇಷ್ಟು ಎಳೆದಾಡುವುದಕ್ಕೆ ಕಾರಣ ಇದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 6ರಿಂದ 15 ವರ್ಷದ 220 ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆನಪಿಸುವ ಉಪಕರಣ ಇದ್ದ ಮಕ್ಕಳು ವೈದ್ಯರು ಹೇಳಿದ ಡೋಸುಗಳಲ್ಲಿ ಶೇಕಡ 84ರಷ್ಟು ತೆಗೆದುಕೊಂಡರು, ಇಲ್ಲದವರು ಬರೀ 30ರಷ್ಟು. ಇಂಗ್ಲೆಂಡಿನ ಶೆಫೀಲ್ಡ್ ಮತ್ತು ರಾದರ್‌ಹ್ಯಾಮ್‌ನ ಇಂಥದ್ದೇ ಅಧ್ಯಯನದಲ್ಲಿ 70 ಮತ್ತು 49. ಅಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದದ್ದೂ ಕಡಿಮೆಯಾಯಿತು. ಅಂದರೆ ನೆನಪಿಸಿದರೂ ಸಾಕಷ್ಟು ಡೋಸು ಬಿಟ್ಟುಹೋಗುತ್ತವೆ, ಯಾವ ಮನೆಯ ಫೋನಿನಲ್ಲೂ ಈ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಅದು ಗದರಿಸುವ ಮಾತಾದರೆ ಮಗು ಇನ್ಹೇಲರನ್ನು ಸುಮ್ನೆ ಗಾಳಿಗೆ ಒತ್ತಿ ಲೆಕ್ಕ ಸರಿಮಾಡುತ್ತದೆ. ಇದು ನನ್ನ ಊಹೆಯಲ್ಲ, ವೈದ್ಯರಿಗೆ ಗೊತ್ತಿರುವ ವಿಷಯವೇ.

ಎರಡನೇ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ‘8 ಗಂಟೆಗೆ ತೆಗೆದುಕೊಂಡಿದ್ದಾನೆ’ ಅಂತ ಬರೆದರೆ ಉಪಕರಣಕ್ಕೆ ಗೊತ್ತಿರುವುದಕ್ಕಿಂತ ಜಾಸ್ತಿ ಹೇಳಿದ ಹಾಗೆ. ಇಂಥ ಸೆನ್ಸರುಗಳಲ್ಲಿ ಹೆಚ್ಚಿನವಕ್ಕೆ ಒತ್ತಿದ್ದು ಗೊತ್ತು, ಔಷಧಿ ಶ್ವಾಸಕೋಶಕ್ಕೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ಉಸಿರೆಳೆಯುವ ಸದ್ದನ್ನೇ ದಾಖಲಿಸಿ ನೋಡುವ ಉಪಕರಣವನ್ನು ಡಬ್ಲಿನ್‌ನಲ್ಲಿ ಮಾಡಿದ್ದಾರೆ, ಆದರೆ ಆ ತರಹದ್ದು ಅಪರೂಪ. ಹಾಗಾಗಿ ‘ಒತ್ತಿದ್ದು’ ಅಂತಲೇ ಬರೆಯೋಣ ಅಂತಿದ್ದೇನೆ. ನಮ್ಮ ಕಡೆ ‘ಪಂಪ್ ಹೊಡೆಯೋದು’ ಅನ್ನುತ್ತಾರೆ. ಅದನ್ನು ಬಳಸಬಹುದೇ, ತೀರಾ ಒರಟಾಯಿತೇ?

ಇನ್ನೊಂದು ತೊಡಕು ‘ಬಳಕೆ’ ಅನ್ನುವ ಪದದ್ದು. ಶ್ವಾಸನಾಳದ ಊತ ಇಳಿಸುವ ಬ್ಯೂಡೆಸೊನೈಡ್ ತರಹದ ಇನ್ಹೇಲರನ್ನು ಮಗು ಚೆನ್ನಾಗಿದ್ದಾಗಲೂ ದಿನಾ ಕೊಡಬೇಕು. ಉಸಿರು ಕಟ್ಟಿದಾಗ ಕೊಡುವ ಸಾಲ್ಬ್ಯುಟಮಾಲ್ ಬೇರೆ. ಮೊದಲನೆಯದರ ಬಳಕೆ ಕಡಿಮೆಯಾದರೆ ಚಿಂತೆ, ಎರಡನೆಯದರ ಬಳಕೆ ಜಾಸ್ತಿಯಾದರೆ ಚಿಂತೆ. ಎರಡಕ್ಕೂ ‘ಬಳಕೆ ಹೆಚ್ಚಿದೆ’ ಅಂತಲೇ ಬಂದರೆ ತಾಯಿ ಖುಷಿಪಡಬೇಕೋ, ಡಾಕ್ಟರ ಹತ್ತಿರ ಓಡಬೇಕೋ? ‘ದಿನದ ಪಂಪ್’, ‘ತುರ್ತು ಪಂಪ್’ ಅಂತ ಹೆಸರೇ ಬೇರೆ ಮಾಡಿಟ್ಟುಕೊಂಡಿದ್ದೇನೆ. ‘ತಡೆಗಟ್ಟುವ’, ‘ಶಮನಕಾರಿ’ ಅನ್ನುವ ಪದಗಳು ಪುಸ್ತಕದಲ್ಲಿ ಸರಿ, ರಾತ್ರಿ ಎರಡು ಗಂಟೆಗೆ ಮಗು ಏದುಸಿರು ಬಿಡುವಾಗ ಯಾರಿಗೂ ನೆನಪಾಗುವುದಿಲ್ಲ.

‘ಸ್ಮಾರ್ಟ್’ ಹಾಗೇ ಇರಲಿ. ‘ಎಣಿಸುವ ಇನ್ಹೇಲರ್’ ಅಂದರೆ ಗೊಂದಲ, ಡೋಸ್ ಎಣಿಸುವ ಅಂಕಿ ಎಷ್ಟೋ ಸಾದಾ ಇನ್ಹೇಲರುಗಳಲ್ಲೇ ಇದೆ.

ಉಬ್ಬಸ, ಗೂರಲು, ದಮ್ಮು ಅಂತ ಕಾಯಿಲೆಗೆ ಒಂದೊಂದು ಕಡೆ ಒಂದೊಂದು ಹೆಸರು, ಅವೆಲ್ಲ ಕೈಪಿಡಿಯ ಮೊದಲ ಪುಟದಲ್ಲಿ ಬರುತ್ತವೆ. ನನಗೆ ಬೇಕಾದದ್ದು ಬೇರೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಹೇಳಿ: ಮಗುವಿಗೆ ಒಂದು ಹೊತ್ತಿನ ಮದ್ದು ಕೊಡುವುದು ಮರೆತುಹೋದರೆ ನಿಮ್ಮ ಮನೆಯಲ್ಲಿ ಅದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ? ನಿಘಂಟಿನ ಪದ ಬೇಡ, ಆಡುವ ವಾಕ್ಯವನ್ನೇ ಇದ್ದ ಹಾಗೆ ಬರೆದು ಕಳಿಸಿ.